ಕೆಂದನ ಮುಖಾಂತರ ತಿಳಿಸುವುದೇನೆಂದರೆ

ಈ ಜಗಳದ ಕಷ್ಟನಷ್ಟವನ್ನೆಲ್ಲ ಅನುಭವಿಸಿದವರು ಜಗಳವಾಡಿದ ಇಬ್ಬರು ಗಂಡಸರಲ್ಲ, ನಮ್ಮ ಅಕ್ಕ. ಇದನ್ನು ಮೊದಲ ಸಾಲಿನಲ್ಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಮುಂದೆ ನಾನು ಹೇಳಲಿರುವುದನ್ನು ಓದಿ ನೀವು ನಗುತ್ತೀರಿ. ನಕ್ಕು, "ಎಂಥ ಮೋಜಿನ ಮನುಷ್ಯ!" ಎಂದು ನಮ್ಮ ದೊಡ್ಡಪ್ಪನನ್ನು ಕ್ಷಮಿಸಿಬಿಡುತ್ತೀರಿ. ಇಡೀ ಶಾಂತಿಗ್ರಾಮ ಹೋಬಳಿಯೇ ಅವರನ್ನು ಹೀಗೆ ನಕ್ಕು ನಕ್ಕು ಕ್ಷಮಿಸುತ್ತ ಬಂದಿದೆ. ನಾನು ಕ್ಷಮಿಸಲು ಸಿದ್ಧಳಿಲ್ಲ.

ನೆರೆಮನೆಯವರೊಡನೆ ಮಾತು ಬಿಟ್ಟವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ಆದರೆ ಮಾತು ಬಿಟ್ಟ ನೆರೆಯವರ ಹೊಲವನ್ನು ಬೆಳಗಿನಿಂದ ಸಂಜೆಯವರೆಗೆ ಬೆವರು ಸುರಿಸಿ ಉತ್ತು, ಮಧ್ಯಾಹ್ನ ಅವರ ಮನೆಯ ಮುದ್ದೆಯನ್ನೇ ಉಂಡು, "ಸಾರಿಗೆ ಉಪ್ಪು ಕಮ್ಮಿ" ಎಂಬ ದೂರನ್ನು ಒಂದು ಎತ್ತಿನ ಮೂಲಕ ಸಲ್ಲಿಸಿ ಮನೆಗೆ ಬಂದವರು ನಮ್ಮ ದೊಡ್ಡಪ್ಪ ಒಬ್ಬರೇ ಇರಬೇಕು!

ನನ್ನ ತಂದೆ ದೊಡ್ಡಪ್ಪನ ತಮ್ಮ. ಮೇಷ್ಟರ ಕೆಲಸ ಹಿಡಿದು ಹಾಸನ ಸೇರಿದವರು. ನಾನು ಅಲ್ಲಿಯೇ ಬೆಳೆದೆ. ಪ್ರಶ್ನೆ ಕೇಳದ ಮಗುವನ್ನು ಜ್ವರವೇ ಎಂದು ವಿಚಾರಿಸುವಂಥ ಶಾಲೆಯಲ್ಲಿ ಓದಿದೆ. ತಪ್ಪನ್ನು ಕಂಡರೆ ಅದನ್ನು ಹೆಸರು ಹಿಡಿದು ಕರೆಯಬೇಕೆಂದು ಅಲ್ಲಿ ನಮಗೆ ಕಲಿಸಿದ್ದರು. ರಜೆ ಬಂದಾಗಲೆಲ್ಲ ದೊಡ್ಡಪ್ಪನ ಮನೆಗೆ ಹೋಗುತ್ತಿದ್ದೆ. ಹೆಸರು ಹಿಡಿದು ಕರೆಯಲು ಅಲ್ಲಿ ತಪ್ಪುಗಳಿಗೆ ಬರವೇ ಇರಲಿಲ್ಲ.

ಹಾಸನದಿಂದ ಚನ್ನರಾಯಪಟ್ಟಣಕ್ಕೆ ಹೋಗುವ ರಸ್ತೆಯಲ್ಲಿ, ಶಾಂತಿಗ್ರಾಮ ದಾಟಿದ ಮೇಲೆ, ದೊಡ್ಡಪ್ಪನ ಮನೆ ಮತ್ತು ಹೊಲ. ಅದಕ್ಕೆ ಅಂಟಿಕೊಂಡಂತೆ ಪಕ್ಕದವರ ಮನೆ ಮತ್ತು ಹೊಲ. ನಡುವೆ ಒಂದು ಬದು, ಬದುವಿನ ಮೇಲೆ ಒಂದು ಹೊಂಗೆಮರ. ಪಕ್ಕದ ಮನೆಯ ಹಿರಿಯರನ್ನು ಊರೆಲ್ಲ 'ಯಜಮಾನ್ರು' ಎನ್ನುತ್ತಿತ್ತು. ದೊಡ್ಡಪ್ಪ ಮಾತ್ರ 'ಭಾವ' ಎನ್ನುತ್ತಿದ್ದರು. ರಕ್ತಸಂಬಂಧವೇನಿಲ್ಲ, ಬಾಯಿಮಾತಿನ ನಂಟು. ಆ ನಂಟು ಎಷ್ಟು ಗಟ್ಟಿಯಾಗಿತ್ತೆಂದರೆ, ಇಬ್ಬರೂ ಒಟ್ಟಿಗೆ ಹೋಗಿ ಒಂದು ಜೋಡಿ ಹೋರಿಕರುಗಳನ್ನು ಕೊಂಡು ತಂದು, ಮನೆಗೊಂದರಂತೆ ಹಂಚಿಕೊಂಡು ಸಾಕಿದ್ದರು. ದೊಡ್ಡಪ್ಪನ ಕೊಟ್ಟಿಗೆಗೆ ಬಂದದ್ದು ಕೆಂದ. ಯಜಮಾನರ ಕೊಟ್ಟಿಗೆಗೆ ಹೋದದ್ದು ರಾಮ. ಉಳುವಾಗ ಎರಡನ್ನೂ ಒಂದೇ ನೊಗಕ್ಕೆ ಕಟ್ಟುವುದು, ಇವತ್ತು ನಿಮ್ಮ ಹೊಲಕ್ಕೆ, ನಾಳೆ ನಮ್ಮ ಹೊಲಕ್ಕೆ. ಇದಕ್ಕೆ ನಮ್ಮ ಕಡೆ ಮುಯ್ಯಿ ಎನ್ನುತ್ತಾರೆ. ನೀವು ಒಂದು ದಿನ ನಮ್ಮಲ್ಲಿ ದುಡಿದರೆ ನಾವು ಒಂದು ದಿನ ನಿಮ್ಮಲ್ಲಿ ದುಡಿದು ತೀರಿಸಬೇಕು. ಕೂಲಿಯ ಮಾತಿಲ್ಲ. ಹೇಳಿಕೇಳಿ ಆಲೂಗೆಡ್ಡೆಯ ಸೀಮೆ ನಮ್ಮದು. ಮೊದಲ ಮಳೆ ಬಿದ್ದು ಹದ ಸಿಕ್ಕಿದ ಕೂಡಲೇ ಬಿತ್ತನೆ ಮುಗಿಯಬೇಕು, ಮುಯ್ಯಿ ಇಲ್ಲದೆ ಒಬ್ಬರಿಂದ ಆಗುವ ಕೆಲಸವಲ್ಲ.

ಇಂಥ ಸ್ನೇಹವನ್ನು ಕೆಡಿಸಿದ್ದು ಒಬ್ಬ ಹೊಸ ಕಂಡಕ್ಟರು.

ಆ ರಸ್ತೆಯಲ್ಲಿ ಬಸ್ಸು ನಿಲ್ಲುವ ಜಾಗಕ್ಕೆಲ್ಲ 'ಗೇಟು' ಎನ್ನುವುದು ವಾಡಿಕೆ. ಗೇಟು ಇರಲೇಬೇಕೆಂದೇನೂ ಇಲ್ಲ. ಅಲ್ಲಿಯವರೆಗೂ ಹೊಂಗೆಮರದ ಗೇಟು ಎನಿಸಿಕೊಂಡಿದ್ದ ಜಾಗದಲ್ಲಿ, ತೊಂಬತ್ತರ ದಶಕದ ಒಂದು ಮಧ್ಯಾಹ್ನ, ಆ ಕಂಡಕ್ಟರು ಬಾಗಿಲು ತಟ್ಟಿ, "ಯಾರ್ರೀ ಯಜಮಾನ್ರ ಗೇಟು? ಎದ್ದ್ ಬನ್ನಿ, ಎದ್ದ್ ಬನ್ನಿ!" ಎಂದು ಕೂಗಿದ. ಬಸ್ಸಿನಲ್ಲಿ ದೊಡ್ಡಪ್ಪ ಇದ್ದರು. ಏಳಲಿಲ್ಲ. ಬಸ್ಸು ಹೊರಟಿತು. ದೊಡ್ಡಪ್ಪ ಕಿಟಕಿಯಿಂದ ತಮ್ಮ ಮನೆಯನ್ನೇ ನೋಡುತ್ತ ಚನ್ನರಾಯಪಟ್ಟಣದವರೆಗೆ ಹೋಗಿ, ಸಂಜೆ ಇನ್ನೊಂದು ಬಸ್ಸಿನಲ್ಲಿ ಬಂದರು.

"ಯಾಕ್ರೀ ಇಳೀನಿಲ್ಲ?" ಎಂದು ದೊಡ್ಡಮ್ಮ ಕೇಳಿದರು.

"ನಮ್ ಸ್ಟಾಪು ಬರ್ಲೇ ಇಲ್ವಲ್ಲ, ಎಂಗ್ ಇಳೀಲಿ?"

ಹೆಸರು ಬದಲಾಯಿಸಿದ್ದು ಕಂಡಕ್ಟರು. ಆದರೆ ಹೇಳಿಕೊಟ್ಟದ್ದು ಯಜಮಾನರೇ ಎಂಬುದು ದೊಡ್ಡಪ್ಪನ ತೀರ್ಮಾನ. ಕೇಳಿ ತಿಳಿದುಕೊಳ್ಳಬಹುದಿತ್ತಲ್ಲ? ಕೇಳಲಿಲ್ಲ! ವಿಚಾರಣೆಯಿಲ್ಲದೆ ಶಿಕ್ಷೆ ವಿಧಿಸುವುದು ಅನ್ಯಾಯವೆಂದು ನಾನು ವಾದಿಸಿದೆ. "ಶಿಕ್ಸೆ ಎಲ್ ಕೊಟ್ನವ್ವ? ಮಾತು ಬುಟ್ಟೆ ಅಷ್ಟೆಯ," ಎಂದರು. ಅತ್ತ ಯಜಮಾನರು, "ಕಾರಣ ಯೇಳ್ದಲೇ ಮಾತು ಬುಟ್ಟೋರ್ ತಾವ ನಾನ್ಯಾಕೆ ಓಗಿ ಕೇಳ್ಲಿ?" ಎಂದು ತಾವೂ ಬಿಟ್ಟರು.

ಅನಂತರ ದೊಡ್ಡಪ್ಪ ಹಾಸನಕ್ಕೆ ಹೋಗಿ ನಿಜವಾದ ಒಂದು ಕಬ್ಬಿಣದ ಗೇಟನ್ನೇ ಮಾಡಿಸಿ ತಂದರು! ಎರಡು ಕಲ್ಲುಕಂಬ ನೆಟ್ಟು, ರಸ್ತೆಗೆ ಮುಖವಾಗಿ ನಿಲ್ಲಿಸಿದರು. ಕಾಂಪೌಂಡು ಗೋಡೆ ಇಲ್ಲ, ಬೇಲಿ ಇಲ್ಲ, ಬಟ್ಟಬಯಲಿನಲ್ಲಿ ಗೇಟೊಂದೇ. ಬಂದವರು ಸಹಜವಾಗಿ ಪಕ್ಕದಿಂದ ನಡೆದು ಬಂದರೆ ದೊಡ್ಡಪ್ಪ ಅವರನ್ನು ವಾಪಸು ಕಳಿಸಿ, ಗೇಟು ತೆಗೆಸಿ, ಮತ್ತೆ ಹಾಕಿಸಿ, ಆಮೇಲೆ ಒಳಗೆ ಕರೆಯುತ್ತಿದ್ದರು. ಊರಿನ ಕೋಳಿಗಳು ಮಾತ್ರ ಕೊನೆಯವರೆಗೂ ಈ ಶಿಸ್ತಿಗೆ ಒಗ್ಗಲಿಲ್ಲ. ಇದನ್ನು ಕಂಡ ಯಜಮಾನರು ಸುಮ್ಮನಿರುತ್ತಾರೆಯೆ? ಅವರೂ ಒಂದು ಗೇಟು ಹಾಕಿಸಿ, ಕಂಬಗಳ ಮೇಲೆ ಸಿಮೆಂಟಿನ ಎರಡು ಸಿಂಹಗಳನ್ನು ಕೂರಿಸಿದರು. "ಸಿಂಹ ಕಾಯಕೆ ಒಳಗೇನೈತೆ? ಎಮ್ಮೆ ಕಣವ್ವ, ಎಮ್ಮೆ!" ಎಂದು ದೊಡ್ಡಪ್ಪ ಬಿದ್ದು ಬಿದ್ದು ನಕ್ಕರು.

ಇನ್ನು ಬಸ್ಸನ್ನು ತಮ್ಮ ಗೇಟಿನ ಮುಂದೆ ನಿಲ್ಲಿಸಬೇಕಲ್ಲ! ದೊಡ್ಡಪ್ಪ ಡ್ರೈವರುಗಳಿಗೆ ಮಜ್ಜಿಗೆ ಕೊಟ್ಟರು. ಯಜಮಾನರು ಎಳನೀರು ಕೊಟ್ಟರು. ಡ್ರೈವರುಗಳು ಎರಡನ್ನೂ ಕುಡಿದು, ಮೀಸೆ ಒರೆಸಿಕೊಂಡು, "ಇಬ್ರೂ ದೊಡ್ಡೋರು ಸಾ, ನಮ್ಗ್ಯಾಕೆ ಈ ಉಸಾಬರಿ?" ಎಂದು ಬಹಳ ಮುಂದೆ ಹೋಗಿ ಮೋರಿಯ ಹತ್ತಿರ ಬಸ್ಸು ನಿಲ್ಲಿಸತೊಡಗಿದರು. ಅಲ್ಲಿಂದ ಮೂಟೆ ಹೊತ್ತು ನಡೆದವರು ಯಾರು? ದೊಡ್ಡಮ್ಮ ಮತ್ತು ಯಜಮಾನರ ಹೆಂಡತಿ! ಇಬ್ಬರೂ ಸಂತೆಯ ಗಂಟು ತಲೆಯ ಮೇಲಿಟ್ಟುಕೊಂಡು, ಗಂಡಂದಿರನ್ನು ಜೊತೆಯಾಗಿ ಬಯ್ದುಕೊಳ್ಳುತ್ತ ಬರುತ್ತಿದ್ದರು. ಅವರು ಮಾತು ಬಿಟ್ಟಿರಲೇ ಇಲ್ಲ. ಮಾತು ಬಿಡುವ ಅನುಕೂಲವನ್ನು ನಮ್ಮ ಸಮಾಜ ಗಂಡಸರಿಗೆ ಮಾತ್ರ ಒದಗಿಸಿದೆ. ಹೆಂಗಸರಿಗೆ ಅದಕ್ಕೆ ಪುರುಸೊತ್ತು ಎಲ್ಲಿದೆ?

ಮಾತು ಬಿಟ್ಟ ಮೇಲೆ ಮೊದಲ ಮಳೆ ಬಿತ್ತು. ಇನ್ನು ಮುಯ್ಯಿಯ ಕಥೆ ಮುಗಿಯಿತು ಎಂದುಕೊಂಡು ನಾನು ಎದ್ದು ನೋಡಿದರೆ, ದೊಡ್ಡಪ್ಪ ಕೆಂದನನ್ನು ಹಿಡಿದುಕೊಂಡು ಯಜಮಾನರ ಹೊಲಕ್ಕೆ ಹೊರಟಿದ್ದಾರೆ!

"ದೊಡ್ಡಪ್ಪ, ನೀವು ಅವರ ಜೊತೆ ಮಾತು ಬಿಟ್ಟಿಲ್ವಾ?"

"ಮಾತು ಬುಟ್ಟಿವ್ನಿ. ಮುಯ್ಯಿ ಎಲ್ ಬುಟ್ಟಿವ್ನಿ? ಓದ್ ಸಲ ಅವರು ಬಂದು ದುಡುದವ್ರೆ. ತೀರುಸ್ದಲೇ ಇರಕೆ ನಾನೇನು ಮಾನ ಬುಟ್ಟೋನಾ?"

ಅವರು ತೀರಿಸಿ ಬಂದರು. ಆಗ ಯಜಮಾನರ ಮೇಲೆ ಬಾಕಿ ಬಿತ್ತು. ಅವರು ರಾಮನನ್ನು ಹಿಡಿದುಕೊಂಡು ನಮ್ಮ ಹೊಲಕ್ಕೆ ಬಂದರು. ಹೀಗೆ ಒಬ್ಬರ ಮಾನ ಇನ್ನೊಬ್ಬರ ಮಾನವನ್ನು ಎಳೆದುಕೊಂಡು ವರ್ಷ ವರ್ಷವೂ ಸಾಗಿತು. ಆದರೆ ಒಂದೇ ನೊಗ, ಒಂದೇ ನೇಗಿಲು, ಇಬ್ಬರು ಮೂಕರು! ಕೆಲಸ ನಡೆಯುವುದು ಹೇಗೆ? ಅದಕ್ಕೆ ಅವರು ಕಂಡುಕೊಂಡ ಉಪಾಯವನ್ನು ನಾನು ಕಣ್ಣಾರೆ ಕಂಡು ಕಿವಿಯಾರೆ ಕೇಳಿದ್ದೇನೆ.

"ಲೋ ಕೆಂದ," ದೊಡ್ಡಪ್ಪ ಎತ್ತಿನ ಕಿವಿಯ ಹತ್ತಿರ ಬಾಗಿ ಹೇಳಿದರು, "ಸಾಲು ಸೊಟ್ಟಗೆ ಓಯ್ತಾ ಅದೆ ಅಂತ ಯೇಳ್ಲಾ."

ಯಜಮಾನರು ಇನ್ನೊಂದು ಎತ್ತಿನ ಬೆನ್ನು ತಟ್ಟಿದರು. "ಲೋ ರಾಮ, ವಲ ಅವುರ್ದು, ವಲದಾಗಿನ ಕಲ್ಲೂ ಅವುರ್ದು. ಆಯ್ದಾಕಿದ್ರೆ ನೆಟ್ಟಗೆ ಓಯ್ತಿತ್ತು ಅಂತ ಯೇಳು."

"ಕೆಂದ, ವಯಸ್ಸಾಯ್ತು, ಕನ್ನಡ್ಕ ಆಕುಸ್ಕೊಳ್ಳಿ ಅಂತ ಯೇಳು."

"ರಾಮ, ಕನ್ನಡ್ಕ ಇಲ್ದಲೇ ಅವುರ್ ಗೇಟು ಕಾಣ್ತದೆ, ಗೋಡೆ ಮಾತ್ರ ಕಾಣಾಕಿಲ್ಲ ಅಂತ ಯೇಳು!"

ಎತ್ತುಗಳು ಏನೂ ಹೇಳುತ್ತಿರಲಿಲ್ಲ. ಬಾಲ ಬೀಸಿಕೊಂಡು ಮುಂದೆ ನಡೆಯುತ್ತಿದ್ದವು. ಆ ಹೊಲದಲ್ಲಿ ಪ್ರಬುದ್ಧತೆ ತೋರಿದವು ಅವೆರಡೇ.

ಈ ಏರ್ಪಾಡಿಗೂ ವಾರಕ್ಕೊಂದು ರಜೆ ಇತ್ತು. ಸೋಮವಾರ ಬಸವನ ದಿನ, ಎತ್ತಿನ ಕೊರಳಿಗೆ ನೊಗ ಇಡುವಂತಿಲ್ಲ. ನೊಗ ಹೊರಿಸದ ದಿನ ಮಾತನ್ನು ಮಾತ್ರ ಹೊರಿಸಬಹುದೆ ಎಂಬುದು ದೊಡ್ಡಪ್ಪನ ಧರ್ಮಸೂಕ್ಷ್ಮ! ಒಂದು ಸೋಮವಾರ ಯಜಮಾನರ ಹಸು ಹಗ್ಗ ಬಿಚ್ಚಿಕೊಂಡು ನಮ್ಮ ರಾಗಿ ಪೈರಿಗೆ ನುಗ್ಗಿತು. ದೊಡ್ಡಪ್ಪ ಬದುವಿನ ಮೇಲೆ ಕೈಕಟ್ಟಿ ನಿಂತು ನೋಡುತ್ತಿದ್ದರು. ಬದುವಿನ ಆಚೆ ಯಜಮಾನರು ಬೆನ್ನು ಹಾಕಿ ಕಳೆ ಕೀಳುತ್ತಿದ್ದರು. ಒಂದು ಕೂಗು ಹಾಕಿದರೆ ಸಾಕಿತ್ತು.

"ದೊಡ್ಡಪ್ಪ, ಕೂಗಿ ಹೇಳಬಾರದೆ?"

"ಇವತ್ತು ಸೋಮ್ವಾರ ಕಣವ್ವ. ಕೆಂದಂಗೆ ರಜೆ."

ಹಸು ಹೊಟ್ಟೆ ತುಂಬ ಮೇಯ್ದು ತಾನಾಗಿಯೇ ಮನೆಗೆ ಹೋಯಿತು.

ಇಷ್ಟಕ್ಕೇ ಮುಗಿದಿದ್ದರೆ ನಾನು ಈ ಪ್ರಬಂಧವನ್ನು ಬರೆಯುತ್ತಿರಲಿಲ್ಲ. ಅಕ್ಕ, ಎಂದರೆ ದೊಡ್ಡಪ್ಪನ ಒಬ್ಬಳೇ ಮಗಳು, ಹಾಸನದಲ್ಲಿ ಓದು ಮುಗಿಸಿ ಊರಿನ ಹತ್ತಿರವೇ ಶಾಲೆಯ ಟೀಚರಾಗಿ ಬಂದಳು. ಯಜಮಾನರ ಮಗ ಹಾಲಿನ ಡೇರಿಯಲ್ಲಿ ಕಾರ್ಯದರ್ಶಿಯಾದ. ಅದೇ ಹೊತ್ತಿಗೆ ಇಬ್ಬರು ಹಿರಿಯರಿಗೂ ಮಂಡಿನೋವು ಹಿಡಿಯಿತು. ಮುಯ್ಯಿ ಬಿಡುವಂತಿಲ್ಲವಲ್ಲ! ಇವರು ಮಗಳನ್ನು ಕಳಿಸಿದರು, ಅವರು ಮಗನನ್ನು ಕಳಿಸಿದರು. ಅವನು ಕೆಂದ ಮತ್ತು ರಾಮರನ್ನು ಕಟ್ಟಿಕೊಂಡು ಮುಂದೆ ಸಾಲು ಹೊಡೆಯುವುದು, ಇವಳು ಹಿಂದೆ ಗೆಡ್ಡೆಯ ಹೋಳುಗಳನ್ನು ಸಾಲಿಗೆ ಹಾಕುತ್ತ ನಡೆಯುವುದು.

"ಸ್ವಲ್ಪ ನಿಧಾನ ಹೊಡೀರಿ, ನಂಗೆ ಹಾಕಕ್ಕಾಗ್ತಿಲ್ಲ," ಎಂದಳಂತೆ ಅಕ್ಕ.

"ಎತ್ತಿಗೆ ಯೇಳಿ. ನಿಮ್ಮನೇಲಿ ಅಂಗೇ ಅಲ್ವಾ?" ಎಂದನಂತೆ ಅವನು.

ಅಕ್ಕ ನಕ್ಕಳಂತೆ. ಮುಗಿಯಿತು!

ಒಬ್ಬರ ಮುಖ ಒಬ್ಬರು ನೋಡದ ಹಿರಿಯರೇ ಮಕ್ಕಳನ್ನು ಒಂದೇ ಸಾಲಿನಲ್ಲಿ ನಡೆಸಿ, ಆಮೇಲೆ ಆದದ್ದಕ್ಕೆ ತಮಗೆ ಸಂಬಂಧವಿಲ್ಲವೆಂದರೆ ಒಪ್ಪಬಹುದೆ? ಅಕ್ಕ ಕದ್ದುಮುಚ್ಚಿ ಏನನ್ನೂ ಮಾಡಿದವಳಲ್ಲ. ನೇರವಾಗಿ ಬಂದು, "ಅಪ್ಪ, ನಾನು ಅವರನ್ನೇ ಮದುವೆ ಆಗೋದು," ಎಂದಳು. ದೊಡ್ಡಪ್ಪ ಕೂಗಾಡಲಿಲ್ಲ. ಕೂಗಾಡಿದ್ದರೆ ಎದುರಿಸಬಹುದಿತ್ತು.

"ಉಡ್ಗ ಚಿನ್ನದಂತೋನು," ಎಂದರು.

"ಮತ್ತೆ?"

"ಅವ್ರಪ್ಪ ಬಂದು ಎಣ್ಣು ಕೇಳ್ಲಿ. ಎಣ್ಣು ಎತ್ತೋನು ನಾನೇ ಓಗಿ ಬಾಗ್ಲು ತಟ್ಟಕಾಯ್ತದಾ?"

ನಾನು ಯಜಮಾನರ ಮನೆಗೆ ಓಡಿದೆ. "ಉಡ್ಗಿ ಬಂಗಾರ ಕಣವ್ವ," ಎಂದರು ಅವರು. "ಬನ್ನಿ ಅನ್ಲಿ, ಈಗ್ಲೇ ಬತ್ತೀನಿ. ಕರೀದಲೇ ಇರೋ ಮನೆಗೆ ಎಂಗವ್ವ ಓಗದು?"

ಬನ್ನಿ! ಎರಡೇ ಅಕ್ಷರ! ಸಾಕ್ಷರತಾ ಆಂದೋಲನದ ಕಾಲ ಅದು. ಊರೂರು ತಿರುಗಿ ಅಜ್ಜಿಯರಿಗೆ ಅಕ್ಷರ ತಿದ್ದಿಸುತ್ತಿದ್ದೆ. ನನ್ನ ಸ್ವಂತ ದೊಡ್ಡಪ್ಪನ ಬಾಯಿಂದ ಈ ಎರಡನ್ನು ಹೊರಡಿಸಲು ನನ್ನಿಂದಾಗಲಿಲ್ಲ. ದೊಡ್ಡಮ್ಮ ಕರೆದರೆ ಆಗದೆ ಎಂದರೆ, ಆಗದಂತೆ. ಬೀಗರನ್ನು ಕರೆಯುವ ಮಾತು ಗಂಡಸಿನ ಬಾಯಿಂದಲೇ ಬರಬೇಕಂತೆ. ಮೂಟೆ ಹೊರುವ ತಲೆ ಆಗುತ್ತದೆ, ಕರೆಯುವ ಬಾಯಿ ಆಗುವುದಿಲ್ಲ!

ಆಗ ನಮ್ಮ ಸಾಕ್ಷರತಾ ತಂಡದವರೊಡನೆ ಊರಿನಲ್ಲಿ ಒಂದು ಬೀದಿನಾಟಕ ಆಡಿದೆ. ಇಬ್ಬರು ನೆರೆಯವರು ಇಲ್ಲದ ಗೋಡೆಗೆ ಗೇಟು ಹಾಕಿಸಿ ಮಾತು ಬಿಡುವ ಕಥೆ. ಬೇರೆ ಯಾವ ಅರ್ಥಕ್ಕೂ ಅದರಲ್ಲಿ ಎಡೆಯಿರಲಿಲ್ಲ. ದೊಡ್ಡಪ್ಪ ಮತ್ತು ಯಜಮಾನರು ಮುಂದಿನ ಸಾಲಿನ ಎರಡು ತುದಿಗಳಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ನಕ್ಕರು. ಮುಗಿದ ಮೇಲೆ ದೊಡ್ಡಪ್ಪ ಬಂದು ನನ್ನ ತಲೆ ಸವರಿದರು. "ಚಂದಾಗಿತ್ತು ಮಗಾ. ಆದ್ರೂ ಅಂತಾ ದಡ್ಡರು ಎಲ್ಲಾದ್ರೂ ಇರ್ತಾರಾ?"

ರಿಜಿಸ್ಟರ್ ಮದುವೆ ಮಾಡಿಕೋ, ಸಾಕ್ಷಿಗೆ ನಾನಿದ್ದೇನೆ ಎಂದು ಅಕ್ಕನಿಗೆ ಹೇಳಿದೆ. ಅವಳು ಮಕ್ಕಳ ಕಾಪಿ ತಿದ್ದುತ್ತಿದ್ದವಳು ತಲೆಯೆತ್ತದೆ, "ಸೈನ್ ಹಾಕೋದೇನು ಕಷ್ಟ ಅಲ್ಲ ಕಣೇ," ಎಂದಳು. "ಆಮೇಲೆ ಆ ಮನೆಯಿಂದ ಈ ಮನೆಗೆ ಬಂದಾಗ ನನಗೆ ಬಾ ಅನ್ನೋರು ಯಾರು? ನನ್ನಿಂದಾಗಿ ಇವರು ಮುಯ್ಯೀನೂ ಬಿಟ್ಟರೆ ಮುಗೀತಲ್ಲ. ಅಷ್ಟೊಂದು ಉಳಿದಿದೆ. ಅದು ಉಳೀಲಿ."

ಬೇರೆ ಗಂಡುಗಳು ಬಂದರು. ಅಕ್ಕ ಒಲ್ಲೆ ಎನ್ನುವ ತೊಂದರೆಯನ್ನೇ ಅವಳಿಗೆ ಕೊಡದೆ, ದೊಡ್ಡಪ್ಪ ತಾವೇ ಒಬ್ಬೊಬ್ಬರನ್ನೂ ಸಾಗಹಾಕಿದರು. ಅರಕಲಗೂಡಿನ ಗಂಡು ದಾರಿ ಕೇಳುವಾಗ ಕಂಡಕ್ಟರಿಗೆ "ಯಜಮಾನ್ರ ಗೇಟು" ಎಂದುಬಿಟ್ಟಿದ್ದನಂತೆ; ಕಾಫಿ ಲೋಟ ಕೆಳಗಿಡುವಷ್ಟರಲ್ಲಿ ಅವನ ಸಂಬಂಧ ಮುರಿದುಬಿತ್ತು. ಹೊಳೆನರಸೀಪುರದವನು ಬುದ್ಧಿವಂತ, ಗೇಟು ತೆಗೆದು, ಒಳಗೆ ಬಂದು, ಹಾಕಿ, ಕೈಮುಗಿದ. ಎಲ್ಲ ಸರಿಯಿತ್ತು. ಹೊರಡುವಾಗ ಕೊಟ್ಟಿಗೆಯತ್ತ ನೋಡಿ, "ಈ ಮುದಿ ಎತ್ತನ್ನ ಯಾಕೆ ಇಟ್ಕೊಂಡಿದೀರಿ? ಕೊಟ್ಬಿಡಿ," ಎಂದ. "ನೀನು ಓಗಪ್ಪ, ಬಸ್ಸು ಬತ್ತದೆ," ಎಂದರು ದೊಡ್ಡಪ್ಪ. ಹಳ್ಳಿಮೈಸೂರಿನವನಲ್ಲಿ ಮಾತ್ರ ಯಾವ ಕೊರತೆಯೂ ಸಿಗಲಿಲ್ಲ. ದೊಡ್ಡಪ್ಪ ಎರಡು ದಿನ ಊಟ ಬಿಟ್ಟು ಹುಡುಕಿ, ಕೊನೆಗೆ, "ದೂರ ಆಯ್ತು," ಎಂದರು.

"ಹಳ್ಳಿಮೈಸೂರು ದೂರವೆ! ಎಷ್ಟು ಹತ್ತಿರ ಬೇಕಿತ್ತು ನಿಮಗೆ?"

ಅವರು ಹೊಂಗೆಮರದ ಕಡೆ ತಿರುಗಿ ನಿಂತರು. "ಕರುದ್ರೆ ಕೇಳ್ಸೋವಷ್ಟು."

ನನಗೆ ತಲೆ ಚಚ್ಚಿಕೊಳ್ಳುವಂತಾಯಿತು! ಹಾಗಾದರೆ ಕರೆಯಿರಿ ಮತ್ತೆ! ಕರೆಯಲಿಲ್ಲ. ಆಚೆ ಮನೆಯಲ್ಲಿ ಡೇರಿ ಕಾರ್ಯದರ್ಶಿಯೂ ಬಂದ ಸಂಬಂಧಗಳನ್ನೆಲ್ಲ ಬೇಡವೆನ್ನುತ್ತ ಕೂತಿದ್ದ.

ಹೊಸ ಶತಮಾನ ಬಂದಿತು. ಕೈಯಲ್ಲಿ ಮೊಬೈಲುಗಳು ಬಂದವು. ಕೊನೆಗೆ ಯಜಮಾನರ ಮನೆಗೆ ಟಿಲ್ಲರು ಬಂದಿತು. ಎತ್ತಿನ ಉಳುಮೆ ನಿಂತುಹೋಯಿತು, ಮುಯ್ಯಿಯೂ ನಿಂತಿತು. ಕೆಂದ ಮತ್ತು ರಾಮರಿಗೆ ನೊಗ ಹೊರುವ ಕೆಲಸವಿರಲಿಲ್ಲ, ಹೊರುವ ಶಕ್ತಿಯೂ ಇರಲಿಲ್ಲ. ಆದರೂ ಎರಡು ಮನೆಯವರೂ ಅವುಗಳನ್ನು ಮಾರಲಿಲ್ಲ. ಕಷ್ಟ ಯಾರಿಗೆ? ಸೆಗಣಿ ಬಾಚುವ, ಮೇವು ಹೊರುವ ದೊಡ್ಡಮ್ಮನಿಗೆ! ಕೊಟ್ಟಿಗೆಯ ಕೆಲಸವನ್ನು ನೀವೇ ಮಾಡಬೇಕೆಂದು ನಾನು ದೊಡ್ಡಪ್ಪನೊಂದಿಗೆ ವಾದಕ್ಕೆ ನಿಂತೆ. ಆಶ್ಚರ್ಯವೆಂದರೆ ಅವರು ಎದುರಾಡದೆ ಪೊರಕೆ ಹಿಡಿದರು. ಎತ್ತನ್ನು ಏಕೆ ಇಟ್ಟುಕೊಂಡಿದ್ದೀರಿ ಎಂಬುದಕ್ಕೆ ಮಾತ್ರ ಉತ್ತರ ಹೇಳಲಿಲ್ಲ.

ಉತ್ತರ ನನಗೆ ಸಿಕ್ಕಿದ್ದು ಕಳೆದ ವಾರ. ಸಂಜೆ ಬಸ್ಸಿಳಿದು ಮೋರಿಯಿಂದ ನಡೆದು ಬರುತ್ತಿದ್ದೆ. ಹೊಂಗೆಮರದ ಕೆಳಗೆ, ಬದುವಿನ ಈಚೆ ದೊಡ್ಡಪ್ಪ ಕೆಂದನ ಹಗ್ಗ ಹಿಡಿದು ಕೂತಿದ್ದರು. ಆಚೆ ಯಜಮಾನರು ರಾಮನ ಹಗ್ಗ ಹಿಡಿದು ಕೂತಿದ್ದರು. ಉಳಲು ಏನೂ ಇರಲಿಲ್ಲ. ನಾನು ಮರದ ಹಿಂದೆಯೇ ನಿಂತೆ.

"ಲೋ ಕೆಂದ, ಕಾಲಿನ ಊತ ಇಳೀತಾ ಅಂತ ಕೇಳ್ಲಾ."

"ಇಳೀತು ಅನ್ನು ರಾಮ. ಆಸನದ ಡಾಕ್ಟ್ರು ಉಪ್ಪು ಬುಡಕೆ ಯೇಳವ್ರೆ."

"ಕೆಂದ, ಆ ಮನೇಲಿ ಮೊದ್ಲೇ ಉಪ್ಪು ಕಮ್ಮಿ, ಬುಡಕೇನೈತೆ ಅಂತ ಕೇಳು."

ಇಬ್ಬರೂ ನಕ್ಕರು, ಬೇರೆ ಬೇರೆ ದಿಕ್ಕಿಗೆ ನೋಡುತ್ತ. ರಸ್ತೆಯಲ್ಲಿ ಒಂದು ಬಸ್ಸು ನಿಲ್ಲದೆ ಹೋಯಿತು.

"ರಾಮ," ಎಂದರು ಯಜಮಾನರು, ದನಿ ತಗ್ಗಿಸಿ. "ಆ ಮಗೀನ ಮನ್ಸಿನಾಗೇ ಸೊಸೆ ಅಂತ ಕರ್ಕೊಂಡು ಎಷ್ಟೋ ಕಾಲ ಆಯ್ತು. ಬಾಯ್ತುಂಬ ಯಾವಾಗ ಕರೀಲಿ ಅಂತ ಕೇಳು."

ದೊಡ್ಡಪ್ಪ ಕೆಂದನ ಹೆಗಲ ಮೇಲೆ, ನೊಗ ಒತ್ತಿ ಒತ್ತಿ ಕೂದಲು ಉದುರಿದ ಜಾಗದಲ್ಲಿ, ಕೈಯಾಡಿಸುತ್ತಿದ್ದರು. "ಕೆಂದ," ಎಂದರು. "ಭಾವಂಗೆ... ಬನ್ನಿ ಅಂತ ಯೇಳ್ಲಾ."

"ಬತ್ತೀನಿ ಅನ್ನು ರಾಮ."

ಈಗ ಏಳುತ್ತಾರೆ, ಈಗ ಬದು ದಾಟುತ್ತಾರೆ! ಎದ್ದರು. ತಮ್ಮ ತಮ್ಮ ಎತ್ತು ಹೊಡೆದುಕೊಂಡು ತಮ್ಮ ತಮ್ಮ ಮನೆಗೆ ಹೋದರು. ಎತ್ತುಗಳು ಹೇಳಲಿಲ್ಲವಲ್ಲ!

ಕೊಟ್ಟಿಗೆಯಲ್ಲಿ ಕೆಂದನಿಗೆ ಹುಲ್ಲು ಹಾಕುತ್ತಿದ್ದ ದೊಡ್ಡಪ್ಪನ ಹಿಂದೆ ಹೋಗಿ ನಿಂತೆ. ನಾನು ಕೇಳಿದ್ದು ಅವರಿಗೆ ತಿಳಿದಿರಬೇಕು. "ಇವ್ನ ಕೊಟ್ಬುಟ್ರೆ," ಎಂದರು, ತಿರುಗದೆ, "ಆ ಮನೆ ಜೊತೆ ಮಾತಾಡೋರು ಯಾರವ್ವ?"

ಜಗುಲಿಯ ಮೇಲೆ ಅಕ್ಕ ಕಾಪಿ ತಿದ್ದುತ್ತ ಕೂತಿದ್ದಳು. ಬೈತಲೆಯ ಪಕ್ಕದಲ್ಲಿ ನರೆಗೂದಲು ಇಣುಕಿತ್ತು. ನಾನು ಕಂಡದ್ದನ್ನು ಹೇಳಿದೆ. "ದಿನಾ ಸಂಜೆ ಹೋಗ್ತಾರೆ," ಎಂದಳು. ಇನ್ನೊಂದು ಕಾಪಿ ಎತ್ತಿಕೊಂಡು, "ಕೆಂದ ಈಗೀಗ ಒಂದೇ ಸಲಕ್ಕೆ ಏಳಲ್ಲ ಕಣೇ," ಎಂದಳು.

ಆದ್ದರಿಂದ ದೊಡ್ಡಪ್ಪ, ಯಜಮಾನರೇ, ನನ್ನ ಬೇಡಿಕೆ ಒಂದೇ. ಬರುವ ಸೋಮವಾರ ಬೆಳಗ್ಗೆ ಎತ್ತುಗಳನ್ನು ಕೊಟ್ಟಿಗೆಯಲ್ಲಿಯೇ ಬಿಟ್ಟು ನೀವಿಬ್ಬರೂ ಹೊಂಗೆಮರದ ಕೆಳಗೆ ಬರತಕ್ಕದ್ದು. ದೊಡ್ಡಪ್ಪ ಯಜಮಾನರ ಮುಖ ನೋಡಿ "ಬನ್ನಿ ಭಾವ" ಎನ್ನತಕ್ಕದ್ದು. ಯಜಮಾನರು "ಬಂದೆ" ಎಂದು ಬದು ದಾಟತಕ್ಕದ್ದು. ಯಾವ ಗೇಟಿನಿಂದ ಎಂಬ ತಕರಾರು ಬೇಡ. ಅಂದು ಎರಡನ್ನೂ ಅಕ್ಕ ತೆರೆದಿಟ್ಟಿರುತ್ತಾಳೆ. ಇಷ್ಟು ವರ್ಷ ನಿಮ್ಮ ಮಾತನ್ನೆಲ್ಲ ಹೊತ್ತ ಆ ಎರಡು ಜೀವಗಳು ಅಂದು ಸುಮ್ಮನೆ ಮಲಗಿ ಮೆಲುಕು ಹಾಕಲಿ. ಸೋಮವಾರ ಅವಕ್ಕೆ ರಜೆ.